ನೀರಂಚಿನ ಮೂರು ಕಲ್ಲು

ಮಾವ ತನ್ನನ್ನು ಕರೆತಂದದ್ದು ಬರೀ ಕೈಬರಹಕ್ಕಾಗಿ ಇರಬಹುದು. ಹೊಳೆಯಂಚಿನ ಬಂಡೆಯ ಮೇಲೆ ಮಂಡಿ ಮಡಚಿ ಕೂತ ಸಪ್ಪಲಮ್ಮ ಇದನ್ನು ತನಗೆ ತಾನೇ ಒಪ್ಪಿಕೊಂಡಳು. ಬಿ.ಎ. ಮುಗಿಸಿ, ಸೇಲಂನ ಮಗ್ಗದ ಮನೆಯಲ್ಲಿ ಒಂದು ವರ್ಷ ಸುಮ್ಮನೆ ಕೂತವಳನ್ನು ಕಾಡಿಗೆ ಕರೆಯಲು ಬೇರೆ ಕಾರಣ ಅವಳಿಗೆ ಹೊಳೆಯಲಿಲ್ಲ.

ಮೆಟ್ಟೂರಿನ ಅಣೆಕಟ್ಟು ಮುಗಿದು ಎರಡು ವರ್ಷವಾಗಿತ್ತು. ಅದರ ಮೇಲಿನ ಕಾವೇರಿಯಲ್ಲಿ ಹೆಸರಿಗೆ ಬಿಳಿಯಾದರೂ ಚಿನ್ನದ ಬಣ್ಣದ ಆ ದೊಡ್ಡ ಬಿಳಿಮೀನು ಇನ್ನೂ ಉಳಿದಿದೆಯೇ ಎಂದು ಸೇಲಂನ ಗಾಳದ ಹವ್ಯಾಸಿಗಳ ಸಂಘಕ್ಕೆ ತಿಳಿಯಬೇಕಿತ್ತು. ಗಾಳ ಹಾಕಲು ಅರುಣಾಚಲಂ ಮಾವ, ಹರಿಗೋಲು ನಡೆಸಲು ಕೊಳತ್ತೂರಿನ ನಾರಪ್ಪ, ನೀರು, ಗಾಳಿ, ಸಿಕ್ಕ ಮೀನು ಎಲ್ಲವನ್ನೂ ಬರೆಯಲು ಅವಳು. ಕೆಲಸ ಸರಿಹೋದರೆ ನಾರಪ್ಪನೇ ಇನ್ನು ಸಂಘದ ಖಾಯಂ ಅಂಬಿಗ. ಹುಟ್ಟೂರೂ ಹೊಲವೂ ಅಣೆಕಟ್ಟಿನ ನೀರಿನಡಿ ಹೋಗಿ ಕೊಳತ್ತೂರು ಸೇರಿದ ಮೇಲೆ ಅವನು ನೆಚ್ಚಿದ್ದು ಅದೊಂದನ್ನೇ.

ಪಾಲಮಲೆಯ ಬುಡದಲ್ಲಿ ಎರಡು ದಿನ ನಡೆದು ಬಂದಿದ್ದರು. ಹರಿಗೋಲನ್ನು ತಲೆಯ ಮೇಲೆ ಕವುಚಿಕೊಂಡ ನಾರಪ್ಪ ಮುಂದೆ, ಗಾಳದ ಕೋಲು ಹಿಡಿದ ಮಾವ ನಡುವೆ, ಅವಳು ಕೊನೆಗೆ. ಹೊಳೆ ಎರಡು ಬೆಟ್ಟಗಳ ನಡುವೆ ಸಣ್ಣಗಾಗಿ, ಒಂದು ಕರಿ ಮಡುವಿನಲ್ಲಿ ನಿಂತು, ಮತ್ತೆ ಬಂಡೆಗಳ ಕೆಳಗೆ ನುಸುಳುತ್ತಿತ್ತು. ಎದುರು ದಡದ ಮತ್ತಿಮರಗಳಲ್ಲಿ ಒಂದು ಎಲೆಯೂ ಅಲುಗದು. ಅಲ್ಲಿ ಯಾರನ್ನು ಕೂಗಿದರೂ ತನ್ನ ದನಿಯೇ ತಿರುಗಿ ಬರುತ್ತದೆ ಅನ್ನಿಸಿ, ಅವಳು ಕೂಗಿ ನೋಡಲೂ ಇಲ್ಲ.

ಆ ಬೇಸಿಗೆಯನ್ನು ನಂಬುವಂತಿರಲಿಲ್ಲ. ಮೊದಲ ದಿನ ಬಿಸಿಗಾಳಿ, ಗಾಜಿನಂಥ ನೀರು, ಗೇಣುದ್ದದ ಎರಡು ಮೀನು. ಮರುದಿನ ಮೂಡಲ ಗಾಳಿ. ಗಾಳದ ರಾಗಿಮುದ್ದೆಯನ್ನು ಒಂದೂ ಮುಟ್ಟಲಿಲ್ಲ. ಮೂರನೆಯ ದಿನ ಆಲಿಕಲ್ಲು, ಒಂದು ಬಾಳೆಮೀನು. ಎಲ್ಲವನ್ನೂ ಬರೆದಳು. ಮೀನಿಗೆ ಹಾಕುವ ಮುದ್ದೆ ತನಗೆ ಹಾಕಿದ್ದರೆ ತಾನೇ ಗಾಳಕ್ಕೆ ಬೀಳುತ್ತಿದ್ದೆ ಎಂದು ನಾರಪ್ಪ ನಗಿಸಲು ನೋಡಿದ. ಮಾವ ನಗಲಿಲ್ಲ.

ನಾಲ್ಕನೆಯ ಬೆಳಿಗ್ಗೆ ನಾರಪ್ಪ ನೀರಂಚಿನಿಂದ ಮೇಲಕ್ಕೆ ಮೂರು ಕಲ್ಲು ಸಾಲಾಗಿ ಇಟ್ಟ.

“ಅರಿಗೋಲಲ್ಲಿ ಕುಂತೋರ್ಗೆ ಒಳೆ ಏರೋದು ಗೊತ್ತಾಗಕಿಲ್ಲ ಅಮ್ಮಣ್ಣಿ. ಅರಿಗೋಲೂ ಜತೇಲೇ ಏರ್ತೈತಲ್ಲ. ಒಂದು ಕಲ್ಲು ಮುಳುಗಿದ್ರೂ ಕೂಗಿಬುಡು.”

ಮಾವನ ಕಟ್ಟಳೆ ಬೇರೆ: ಗಾಳಕ್ಕೆ ಮೀನು ಬಿದ್ದಾಗ ಯಾರೂ ಉಸಿರೆತ್ತಬಾರದು.

ಒಂಬತ್ತರ ಹೊತ್ತಿಗೆ, ನಾರಪ್ಪನ ಜೊತೆ ಹರಿಗೋಲಿನಲ್ಲಿ ಕೂತಿದ್ದ ಮಾವನ ಗಾಳದ ಕೋಲು ಬಿಲ್ಲಾಗಿ ಬಾಗಿತು. ಮೀನು ಹರಿಗೋಲನ್ನೇ ಎಳೆದುಕೊಂಡು ಮಡುವಿನ ನಡುವಿಗೆ ಹೋಯಿತು. ಮಾವ ಒಂದು ಕೈ ಮೇಲೆತ್ತಿ ಸುಮ್ಮನಿರುವಂತೆ ಸನ್ನೆ ಮಾಡಿದ.

ಆಗಲೇ ಮೊದಲ ಕಲ್ಲು ಮುಳುಗಿತು.

ಅವಳು ಬಾಯಿ ತೆರೆದಳು. ಎತ್ತಿದ ಕೈ ಕಂಡಿತು. ಬಾಯಿ ಮುಚ್ಚಿ ಬರೆದಳು: ೯-೨೦, ಒಂದನೆಯ ಕಲ್ಲು.

ನೀರು ಕೆಂಪಾಯಿತು. ಒಣಗಿದ ಎಲೆ, ಕಡ್ಡಿ ತೇಲಿ ಬಂದವು. ೯-೨೬, ಎರಡನೆಯ ಕಲ್ಲು.

ಬೆಟ್ಟದ ತಿರುವಿನಾಚೆ ಗುಡುಗಿನಂಥ ಸದ್ದು. ಮೇಲೆಲ್ಲೋ ಸುರಿದ ಮಳೆಯ ನೀರು ಗೋಡೆಯಾಗಿ ಬಂತು. ಹರಿಗೋಲು ಗಿರ್ರನೆ ಸುತ್ತಿತು. ಮೀನು ಒಂದೆಡೆಗೆ, ಹೊಳೆ ಒಂದೆಡೆಗೆ ಎಳೆದವು. ಅಂಚಿನಿಂದ ನೀರು ಒಳಗೆ ನುಗ್ಗಿತು. ನಾರಪ್ಪ ಸೊಂಟದ ಕತ್ತಿ ಹಿರಿದು ಗಾಳದ ದಾರವನ್ನು ಕತ್ತರಿಸಿದ. ಹುಟ್ಟು ಹಾಕಿದ, ಬಂಡೆಗೆ ಒದ್ದ, ಮತ್ತೆ ಹುಟ್ಟು ಹಾಕಿದ. ಸಪ್ಪಲಮ್ಮ ಸೊಂಟದವರೆಗೆ ನೀರಿಗಿಳಿದು, ಒಂದು ಕೈಯಲ್ಲಿ ಬೇರು ಹಿಡಿದು, ಇನ್ನೊಂದರಲ್ಲಿ ನಾರಪ್ಪ ಎಸೆದ ಹರಿಗೋಲಿನ ಹಗ್ಗ ಹಿಡಿದಳು. ಅಂಗೈ ಸುಲಿಯಿತು. ಅವಳು ಬಿಡಲಿಲ್ಲ.

ಮೂವರೂ ದಡದಲ್ಲಿ ಬಿದ್ದು ಏದುಸಿರು ಬಿಟ್ಟರು. ಮೀನಿನ ಚಿನ್ನದ ಪಕ್ಕೆಯನ್ನು ಕಣ್ಣಾರೆ ಕಂಡೆ, ಆಳುದ್ದ ಇತ್ತು ಎಂದು ಮಾವ ಮೂರು ಸಲ ಹೇಳಿದ. ನಾರಪ್ಪ ಕತ್ತರಿಸಿದ್ದು, ಮಾವ ಮನೆಯ ರೇಷ್ಮೆ ನೂಲನ್ನು ತಿಂಗಳುಗಟ್ಟಲೆ ಹೊಸೆದು ಮಾಡಿದ್ದ ದಾರ. ನಾರಪ್ಪ ಅವಳ ಹತ್ತಿರ ಬಂದು ಮೆಲ್ಲಗೆ ಕೇಳಿದ: “ಕಲ್ಲು ನೋಡ್ಲಿಲ್ವಾ ಅಮ್ಮಣ್ಣಿ?”

ಅವಳು ತಲೆ ತಗ್ಗಿಸಿದಳು. ಅವನು ಹರಿಗೋಲಿನ ನೀರು ಸುರಿಯಲು ಹೋದ.

ಅಕ್ಕಿ ಹೊಳೆಪಾಲಾಗಿತ್ತು. ಕಾರೆ ಹಣ್ಣು ತಿಂದು, ಮುಳ್ಳು ತುಳಿದು, ಎರಡು ದಿನ ಕಾಡಿನಲ್ಲಿ ನಡೆದರು. ದಾರಿಯುದ್ದಕ್ಕೂ ನಾರಪ್ಪ ಅವಳಿಗೆಂದು ಮುಳ್ಳುಕೊಂಬೆ ಸರಿಸಿ ಹಿಡಿಯುತ್ತಿದ್ದ. ಅವನು ಬೈದಿದ್ದರೆ ವಾಸಿಯಿತ್ತು.

ಕೊಳತ್ತೂರಿನಲ್ಲಿ ಬಸ್ಸಿಗೆ ಕಾಯುತ್ತ ಮಾವ ಸಂಘಕ್ಕೆ ವರದಿ ಹೇಳಿ ಬರೆಸಿದ. ಬಿಳಿಮೀನು ಇದೆ, ಕಂಡಿದ್ದೇವೆ. ಅವಳು ಬರೆದಳು. ಈ ಬೇಸಿಗೆಯ ಹೊಳೆ ನಂಬತಕ್ಕದ್ದಲ್ಲ. ಬರೆದಳು.

“ಅಂಬಿಗನಿಗೆ ನೀರಿನ ಅಂದಾಜಿಲ್ಲ. ಸಂಘದ ಕೆಲಸಕ್ಕೆ ಲಾಯಕ್ಕಲ್ಲ. ಬರಿ, ಸಪ್ಪಲು.”

ನಾರಪ್ಪ ಹುಣಸೆಮರದಡಿ ಹರಿಗೋಲಿನ ಹರಿದ ತೊಗಲನ್ನು ಹೊಲಿಯುತ್ತಿದ್ದ. ಕೇಳಿಸಿತು. ದಬ್ಬಳ ಒಂದು ಕ್ಷಣ ನಿಂತು, ಮತ್ತೆ ಚಲಿಸಿತು.

ಅವಳು ಪೆನ್ನು ಕೆಳಗಿಟ್ಟಳು.

“ಅದ್ನ ಬರೆಯಾಕಿಲ್ಲ ಮಾವ. ಕಲ್ಲು ಮುಳುಗಿದ್ನ ನಾನು ನೋಡ್ದೆ. ನೋಡಿ ಬರಕೊಂಡೆ. ಕೂಗ್ಲಿಲ್ಲ.”