ಉಮ್ ಸಬ್ಬೂರಿನ ನೀರುನಾಯಿಗಳು

"ಒಳಗೆ ಏನೂ ಇಲ್ಲ, ವಬ್ರಿಯಾ. ಒಂದು ಕಪ್ಪೆ ಕೂಡ ಇಲ್ಲ," ಅಂದ ಮುಅಯ್ಯದ್. ಜೌಗಿನ ಆ ರಕ್ಷಿತ ಪ್ರದೇಶದ ಉಸ್ತುವಾರಿ ಅವನದು. "ಇರೋ ಚೂರು ನೀರನ್ನ ಉಮ್ ಸಬ್ಬೂರ್ ಕೆರೆಗೆ ಬಿಟ್ಟು ಏನು ಮಾಡ್ಲಿ? ನಾಳೆ ಕಾಲುವೆ ಬಾಯಿಗೆ ಮಣ್ಣು ಹಾಕಿಸ್ತೀನಿ. ನೀರೆಲ್ಲ ಮುಂದಿನ ಕೆರೆಗೆ."

ಅವತ್ತು ಶುಕ್ರವಾರ, ವಾರದ ರಜೆ. ಬಸ್ರಾ ನಗರದಿಂದ ಬಂದ ಸಂಸಾರಗಳು ಜೊಂಡಿನ ಚಪ್ಪರದ ಕೆಳಗೆ ಸೇರಿದ್ದವು. ಮಕ್ಕಳು ಚಾಪೆ ಹೆಣೆಯುವುದನ್ನು ಕಲಿಯುತ್ತಿದ್ದರು. ಅಪ್ಪಂದಿರು ಮುಂದಿನ ಕೆರೆಯ ಹಕ್ಕಿ ಎಣಿಸುವ ಪಂದ್ಯ ಹೂಡಿ ಮಕ್ಕಳಿಗಿಂತ ಜೋರಾಗಿ ಜಗಳವಾಡುತ್ತಿದ್ದರು. ಜುಲೈ ತಿಂಗಳ ಬಿಸಿಲು ಬೆಳಗ್ಗೆ ಏಳಕ್ಕೇ ಕಾದ ಕಾವಲಿಯಾಗಿತ್ತು.

ವಬ್ರಿಯಾ ಹದಿನಾಲ್ಕು ವರ್ಷದಿಂದ ಇಲ್ಲಿ ದೋಣಿ ನಡೆಸುವ ಹೆಂಗಸು. ಒಂಬತ್ತು ಎಮ್ಮೆ ಕಟ್ಟಿದ್ದಳು. "ನೀರುನಾಯಿ ಇದಾವೆ," ಅಂದಳು. "ಹೋದ ತಿಂಗಳು ಜೊಂಡಿನಾಚೆ ಅವುಗಳ ಸಿಳ್ಳು ಕೇಳಿದೀನಿ."

"ಸಿಳ್ಳನ್ನ ಕಾಗದದ ಮೇಲೆ ಬರೆದು ಮೇಲಿನವರಿಗೆ ಕಳಿಸ್ಲಾ? ಮರಿ ಸಮೇತ ಚಿತ್ರ ತಾ, ಮಣ್ಣಿನ ಲಾರಿ ವಾಪಸ್ ಕಳಿಸ್ತೀನಿ." ಮುಅಯ್ಯದ್ ನಕ್ಕ. ಸುತ್ತಲಿದ್ದ ಗಂಡಸರೂ ನಕ್ಕರು.

ವಬ್ರಿಯಾಳ ಕಿವಿ ಬಿಸಿಯಾಯಿತು. "ಇವತ್ತು ಇಳಿಹೊತ್ತಿನ ಅಸರ್ ನಮಾಜಿನೊಳಗೆ ತರ್ತೀನಿ!"

ಬಾಯಿ ಆಡಿಬಿಟ್ಟಿತ್ತು. ಆದರೆ ಅವಳಿಗೆ ಗೊತ್ತಿದ್ದದ್ದು ಕಾಲುವೆಯ ಅಂಚು ಮಾತ್ರ. ಒಳದಾರಿಯನ್ನು ಜೊಂಡು ಎಂದೋ ನುಂಗಿತ್ತು.

ಚಾಪೆಯ ಮೇಲಿಂದ ಒಬ್ಬ ಮುದುಕಿ ಕೈಯೂರಿ ಎದ್ದಳು. ಹೆಸರು ಹಸ್ನಾ. "ನಾನು ಹುಟ್ಟಿದ್ದೇ ಉಮ್ ಸಬ್ಬೂರಿನ ದಡದಲ್ಲಿ. ಸರ್ಕಾರದವರು ಜೌಗಿನ ನೀರು ಬತ್ತಿಸಿ ನಮ್ಮನ್ನ ಓಡಿಸಿದಾಗ ನಂಗೆ ಮೂವತ್ತು ವರ್ಷ. ದಾರಿ ನಾನು ತೋರಿಸ್ತೀನಿ, ನಡಿ."

"ಅಮ್ಮಾ, ನಿನ್ನ ಮೊಣಕಾಲು!" ಅಂತ ಅವಳ ಮಗ ಓಡಿಬಂದ.

"ಮೊಣಕಾಲು ನಂದು ತಾನೇ? ನೀನು ಮೀನು ಸುಟ್ಟಿಡು, ಬಂದು ತಿಂತೀನಿ." ಹಸ್ನಾ ಮೊಮ್ಮಗಳ ಕಡೆ ತಿರುಗಿದಳು. "ತಬಾರಕ್, ಫೋನು ತಗೋ."

ಹನ್ನೆರಡರ ತಬಾರಕ್ ಆಗಲೇ ದೋಣಿಯಲ್ಲಿದ್ದಳು.

ಮೊದಲ ಒಂದು ಗಂಟೆ ಸುಖವಾಗಿತ್ತು. ಎರಡಾಳೆತ್ತರದ ಜೊಂಡು ಇಬ್ಬದಿಯಲ್ಲೂ ಗೋಡೆಯಂತೆ ನಿಂತಿತ್ತು. ಅದರ ಬುಡದಲ್ಲಿ ಕೆನ್ನೀಲಿ ಬಕಗಳು ಕತ್ತು ಚಾಚಿ ಕಡ್ಡಿಗಳಾಗಿಬಿಡುತ್ತಿದ್ದವು. ಕಪ್ಪುಬಿಳಿ ಮಿಂಚುಳ್ಳಿಯೊಂದು ಗಾಳಿಯಲ್ಲೇ ನಿಂತು, ಗುರಿಯಿಟ್ಟು, ಕಲ್ಲಿನಂತೆ ನೀರಿಗೆ ಬಿತ್ತು. ನೀರಿನಂಚಿಗೆ ಉಪ್ಪು ಬಿಳಿ ಗೆರೆ ಎಳೆದಿತ್ತು. ನೀರಿಗೆ ಬೆರಳದ್ದಿ ನೆಕ್ಕಿದ ಹಸ್ನಾ ಥೂ ಎಂದು ಉಗಿದಳು. "ನಾವು ಇದನ್ನೇ ಕುಡೀತಿದ್ವಿ. ಸಕ್ಕರೆಯಂಗಿತ್ತು."

ಕಾಲುವೆ ಮೂರಾಗಿ ಒಡೆಯಿತು. ವಬ್ರಿಯಾ ಗಳ ಊರಿ ನಿಂತಳು. "ಯಾವುದು, ಖಾಲಾ?"

ಹಸ್ನಾ ಸೂರ್ಯನನ್ನು ನೋಡಲಿಲ್ಲ, ನೀರನ್ನು ನೋಡಿದಳು. ತೇಲುವ ಎಲೆಯೊಂದು ನಿಧಾನ ಎಡಕ್ಕೆ ಸರಿಯಿತು. "ಎಡಕ್ಕೆ. ನೀರು ತನ್ನ ಮನೆ ಮರ್ತಿಲ್ಲ."

ಎಡದ ದಾರಿ ಕಿರಿದು. ದೋಣಿಯ ತಳ ಕೆಸರು ಕೆರೆಯಿತು. ವಬ್ರಿಯಾ ಇಳಿದು ಎಳೆದಳು. ಜೊಂಡಿನ ಅಂಚು ಅಂಗೈ ಸೀಳಿತು.

ಇದ್ದಕ್ಕಿದ್ದಂತೆ ಮುಂದೆ ಜೊಂಡು ಮುರಿಯಿತು. ಲಟಲಟ!

"ಹಂದಿ!"

ಕತ್ತಿಯಂಥ ಕೋರೆಯ ಕಾಡುಹಂದಿ ನೀರು ಎರಚುತ್ತ ನೇರ ನುಗ್ಗಿ ಬಂತು. ವಬ್ರಿಯಾ ದೋಣಿಗೆ ಹಾರಿದಳು. ಢಂ! ಹಂದಿಯ ಗುದ್ದಿಗೆ ದೋಣಿ ವಾಲಿತು. ತಬಾರಕ್ ಫೋನನ್ನು ಹಲ್ಲಲ್ಲಿ ಕಚ್ಚಿ ಹಲಗೆ ತಬ್ಬಿದಳು. ಹಸ್ನಾ ನೀರೆತ್ತುವ ಡಬ್ಬ ಹಿಡಿದು ದೋಣಿಯ ಅಂಚಿಗೆ ಬಡಿದಳು.

"ಹೋಗೋ ಹಾಳಾದವನೇ! ನಿಮ್ಮಪ್ಪನಿಗೇ ನಾನು ಹೆದರಿಲ್ಲ!"

ಡಬ್ಬದ ಸದ್ದೋ ಮುದುಕಿಯ ಬೈಗುಳವೋ, ಹಂದಿ ಮೂತಿ ಒದರಿ ಜೊಂಡಿಗೆ ಹೊರಳಿತು.

"ಬೀಬಿ, ಅದರಪ್ಪನ ಪರಿಚಯ ಇತ್ತಾ ನಿಂಗೆ?" ಅಂತ ಅಜ್ಜಿಯನ್ನು ಕೇಳಿದಳು ತಬಾರಕ್. ವಬ್ರಿಯಾ ನಗುತ್ತಲೇ ಗಳ ಒತ್ತಿದಳು.

ಜೊಂಡು ಸರಿದಾಗ ಉಮ್ ಸಬ್ಬೂರ್ ಎದುರಿಗಿತ್ತು. ಎಷ್ಟೋ ಕುಗ್ಗಿತ್ತು, ಆದರೆ ಸತ್ತಿರಲಿಲ್ಲ. ನಡುವೆ ಬೆಳ್ಳಿತಟ್ಟೆಯಂಥ ನೀರು, ಸುತ್ತ ಬಿರಿದ ಕೆಸರು, ಕೆಸರಿನ ತುಂಬ ಹಕ್ಕಿಗಳ ಹೆಜ್ಜೆಯಚ್ಚು. ಮೊದಲು ಮನೆಗಳಿದ್ದ ದಿಬ್ಬವನ್ನು ಹಸ್ನಾ ನೋಡಿದಳು.

ಕಾದರು. ಅರ್ಧ ಗಂಟೆ. ಒಂದು ಗಂಟೆ. ನೀರಿನ ಬಾಟಲಿ ತಳ ಕಂಡಿತು. ವಬ್ರಿಯಾ ಕೇಳಿದ್ದು ನೀರುನಾಯಿಯ ಸಿಳ್ಳೇ ಅಲ್ಲದಿದ್ದರೆ?

"ಅಲ್ಲಿ," ಎಂದಳು ತಬಾರಕ್, ತುಟಿಯಷ್ಟೇ ಅಲ್ಲಾಡಿಸಿ.

ದಿಬ್ಬದ ಬುಡದ ಬಿಲದಿಂದ ಒಂದು ಚಪ್ಪಟೆ ತಲೆ ಹೊರಬಂತು. ತಾಯಿ ಗಾಳಿ ಮೂಸಿ, ನೀರಿಗಿಳಿದು, ಸಿಳ್ಳು ಹಾಕಿತು. ಒಂದು ಮರಿ ಬಂತು. ಎರಡು. ಮೂರನೆಯದು ದಡದಲ್ಲೇ ಕೂತು ಕಿರುಚಿತು. ತಾಯಿ ಹಿಂದಿರುಗಿ, ಅದರ ಕತ್ತು ಕಚ್ಚಿ, ನೀರಿಗೆ ದೊಪ್ಪನೆ ಎಸೆಯಿತು. ತಬಾರಕ್‌ ಎಲ್ಲವನ್ನೂ ಫೋನಿನಲ್ಲಿ ತೆಗೆದಳು.

ವಬ್ರಿಯಾ ಬಾಯಿಗೆ ತಲೆಬಟ್ಟೆಯ ಅಂಚು ಒತ್ತಿಕೊಂಡಳು. ಅಳುವೋ ನಗುವೋ ಅವಳಿಗೇ ತಿಳಿಯಲಿಲ್ಲ.

ಹಿಂದಿರುಗುವ ಹೊತ್ತಿಗೆ ಬಿಸಿಗಾಳಿ ಎದ್ದು, ಇದ್ದ ತೆಳುನೀರನ್ನೂ ಆಚೆ ದಡಕ್ಕೆ ತಳ್ಳಿತ್ತು. ದೋಣಿ ಕಾಲುವೆಯ ಬಾಯಲ್ಲೇ ಕೂತುಬಿಟ್ಟಿತು. ನೂಕಲು ವಬ್ರಿಯಾ ಇಳಿದಳು.

ನೆಲ ಸಿಗಲಿಲ್ಲ.

ತೊಡೆ. ಸೊಂಟ. ಕೆಸರು ತಣ್ಣಗೆ ಹಿಡಿದು ಎಳೆಯಿತು. ಅವಳು ಕಾಲು ಜಾಡಿಸಿದಳು, ಇನ್ನೂ ಇಳಿದಳು.

"ಒದೀಬೇಡ!" ಹಸ್ನಾ ಗುಡುಗಿದಳು. "ಹಿಂದಕ್ಕೆ ಮಲಕ್ಕೋ! ಹಾಸಿಗೆ ಮೇಲೆ ಮಲಗೋ ಹಾಗೆ!"

ಗಳವನ್ನು ಕೆಸರಿನ ಮೇಲೆ ಅಡ್ಡ ಹಾಕಿದಳು. ಉಡುಪಿನ ಮೇಲೆ ಹೊದ್ದಿದ್ದ ಕರಿಯ ನಿಲುವಂಗಿ, ಅಬಾಯ, ಕಳಚಿ, ಹುರಿಮಾಡಿ, ಒಂದು ತುದಿ ದೋಣಿಯ ಮೂತಿಗೆ ಬಿಗಿದು ಇನ್ನೊಂದನ್ನು ಎಸೆದಳು. ವಬ್ರಿಯಾ ಗಳದ ಮೇಲೆ ಬೆನ್ನು ಕೊಟ್ಟು ಬಟ್ಟೆ ಹಿಡಿದಳು. ತಬಾರಕ್ ಮುಂಗೈ ಹಿಡಿದಳು. ಎಳೆದರು. ಹೊಲಿಗೆ ಚರ್ ಎಂದಿತು. ಮತ್ತೆ ಎಳೆದರು. ಒಂದು ಕಾಲು ಬಂತು. ಬಹಳ ಹೊತ್ತಿನ ಮೇಲೆ ಇನ್ನೊಂದು.

ವಬ್ರಿಯಾ ದೋಣಿಯೊಳಗೆ ಮೀನಿನಂತೆ ಬಿದ್ದು ಬಾಯಿ ಬಿಟ್ಟಳು. "ಖಾಲಾ, ನಿಮ್ಮ ಅಬಾಯ ಹರಿದುಹೋಯ್ತು."

"ಹಬ್ಬಕ್ಕೆ ಹೊಸದು ಕೊಡಿಸು ಅಂತ ಮಗನಿಗೆ ಹೇಳಿದ್ದೆ. ಈಗ ಕೊಡಿಸ್ಲೇಬೇಕು. ಏಳು, ಹೊತ್ತಾಯ್ತು!"

ಜೊಂಡು ಕೊಯ್ದು ಹಾಸಿದರು. ಅದರ ಮೇಲೆ ದೋಣಿಯನ್ನು ಗೇಣು ಗೇಣಾಗಿ ಜಾರಿಸಿ ನೀರು ಮುಟ್ಟಿಸಿದರು.

ಅಸರ್ ಕರೆಗೆ ಇನ್ನೂ ಸ್ವಲ್ಪ ಹೊತ್ತಿರುವಾಗ ಮೂರು ಮಣ್ಣಿನ ಬೊಂಬೆಗಳು ಚಪ್ಪರದ ಕೆಳಗೆ ಬಂದು ನಿಂತವು. ಯಾರೂ ನಗಲಿಲ್ಲ. ತಬಾರಕ್ ಫೋನು ಚಾಚಿದಳು. ಮುಅಯ್ಯದ್ ಒಮ್ಮೆ ನೋಡಿದ. ಮತ್ತೊಮ್ಮೆ ನೋಡಿದ. ತಾಯಿ ಮರಿಯನ್ನು ನೀರಿಗೆಸೆಯುವಾಗ ಅವನ ತುಟಿ ತಾನಾಗಿ ಅರಳಿತು. ಪಕ್ಕಕ್ಕೆ ಹೋಗಿ ಲಾರಿಯವನಿಗೆ ಕರೆ ಮಾಡಿದ. "ನಾಳೆ ಬರಬೇಡ. ಈ ಬೇಸಿಗೆ ಬರಬೇಡ."

ಅಷ್ಟರಲ್ಲಿ ಏಳೆಂಟು ಸಂಸಾರಗಳು ವಬ್ರಿಯಾಳನ್ನು ಮುತ್ತಿದವು. "ನಮ್ಮನ್ನೂ ಕರ್ಕೊಂಡು ಹೋಗಮ್ಮ!" "ಮೊದಲು ನಮ್ಮ ಮಕ್ಕಳನ್ನ!" ಮುಅಯ್ಯದ್ ಕೂಡ ಗಂಟಲು ಸರಿಮಾಡಿಕೊಂಡ. "ನಾನೂ ಒಮ್ಮೆ ಕಣ್ಣಾರೆ ನೋಡ್ಬೇಕಲ್ಲ, ವರದಿ ಬರೆಯೋಕೆ."

ವಬ್ರಿಯಾ ದೋಣಿಯ ಹಗ್ಗವನ್ನು ಕಂಬಕ್ಕೆ ಮೂರು ಸುತ್ತು ಸುತ್ತಿ ಗಂಟು ಬಿಗಿದಳು.

"ಮರಿ ದೊಡ್ಡವಾಗೋ ತನಕ ಯಾರೂ ಹೋಗೋ ಹಾಗಿಲ್ಲ," ಅಂದಳು. "ನೀವೂ ಅಷ್ಟೇ, ಸಾಹೇಬ್ರೇ."

ಹೇಳಿ, ಮೀನು ಸುಡುವ ಕಡೆ ನಡೆದಳು.