ಜಗಲಿಯಲ್ಲೇ ಕೂತ ಗುಮಾಸ್ತ

ಡಿಸೆಂಬರ್ ಎರಡನೇ ತಾರೀಖು, ಸೋಮವಾರ, ಬೆಳಗ್ಗೆ ಒಂಬತ್ತರ ಹೊತ್ತಿಗೆ ಮಸಾಕ ಊರಂಚಿನ ಪೊಲೀಸ್ ಠಾಣೆಗೆ ಇಬ್ಬರು ಹೆಂಗಸರು ಒಂದೇ ಬಾಡಿಗೆ ಬೈಕಿನಲ್ಲಿ ಬಂದಿಳಿದರು. ಅವರೇನು ಗೆಳತಿಯರಲ್ಲ. ಒಬ್ಬಳನ್ನು ಮನೆಯ ಹತ್ತಿರ ಬಿಟ್ಟು ಬರಲು ಇನ್ನೊಬ್ಬಳಿಗೆ ನಂಬಿಕೆಯಿರಲಿಲ್ಲ, ಅಷ್ಟೇ.

"ದೂರು ಯಾರದ್ದು?" ಊರವರ ಬಾಯಲ್ಲಿ 'ಅಫಂಡೆ', ಅಂದರೆ ಸಾಹೇಬರು ಅನ್ನಿಸಿಕೊಂಡ ಇನ್ಸ್‌ಪೆಕ್ಟರ್ ಪೊಂಟಿಯಾನೊ ಲುಬೇಗ ಕೇಳಿದರು.

"ನಂದು," ಇಬ್ಬರೂ ಅಂದರು.

ಸೂಟ್‌ಕೇಸಿಗೆ ವಿಮಾನದ ಚೀಟಿ ಇನ್ನೂ ಅಂಟಿಕೊಂಡಿದ್ದವಳು ರೆಸ್ಟಿಟೂಟ. "ಏಳು ವರ್ಷ ಮಸ್ಕತ್ತಿನಲ್ಲಿ ಊರವರ ನೆಲ ಒರೆಸಿ ಕಟ್ಟಿಸಿದ ಮನೆ, ಅಫಂಡೆ. ಬಂದು ನೋಡಿದ್ರೆ ನನ್ನ ಅಡುಗೆಮನೇಲಿ ಇವಳು ಬಾಳೆಕಾಯಿ ಬೇಯಿಸ್ತಾ ನಿಂತಿದಾಳೆ. ಯಾರು ಬೇಕಿತ್ತಮ್ಮ ಅಂತ ನನ್ನನ್ನೇ ಕೇಳ್ತಾಳೆ."

ಇನ್ನೊಬ್ಬಳು ಟಿಯೊಪಿಸ್ಟ. ಗಂಡ ಸತ್ತ ಮೇಲೆ ಶಾಲೆ ಮಕ್ಕಳ ಸಮವಸ್ತ್ರ ಹೊಲಿದು ಮೂರು ಮಕ್ಕಳನ್ನು ಸಾಕುತ್ತಿದ್ದವಳು. "ನಾನು ಕದ್ದಿಲ್ಲ, ಕೊಂಡಿದೀನಿ. ಅಪ್ಪ ಕೊಟ್ಟ ತೋಟ ಮಾರಿ ಕೊಂಡಿದೀನಿ. ಮಾರಿದವನು ಇವಳು ತನ್ನ ಗಂಡ ಅನ್ನೋ ಲಾರೆನ್ಸ್. ಹೆಂಡತಿ ಸಹಿ ಹಾಕಿದ್ದನ್ನೂ ಕಣ್ಣಾರೆ ನೋಡಿದೀನಿ."

"ಯಾವ ಹೆಂಡತಿ?" ಲುಬೇಗ ಕೇಳಿದರು.

"ರೆಸ್ಟಿಟೂಟ."

"ರೆಸ್ಟಿಟೂಟ ನಾನು," ಎಂದು ಅವಳು ಪಾಸ್‌ಪೋರ್ಟನ್ನು ಮೇಜಿನ ಮೇಲಿಟ್ಟಳು.

ಕಾನ್‌ಸ್ಟೆಬಲ್ ಅಪಿಯೊ ಅದರ ಹಾಳೆ ತಿರುವಿ, ಟಿಯೊಪಿಸ್ಟ ತಂದಿದ್ದ ಕ್ರಯಪತ್ರದ ಪಕ್ಕದಲ್ಲಿಟ್ಟು ನೋಡಿದಳು. ಸಹಿ ಬಿದ್ದ ಆಗಸ್ಟ್ ತಿಂಗಳಲ್ಲಿ ಈಕೆ ದೇಶದಲ್ಲೇ ಇರಲಿಲ್ಲ.

ಟಿಯೊಪಿಸ್ಟಳ ಮುಖ ಬಾಡಿತು. "ಅಫಂಡೆ, ಹೆಂಡತಿ ಒಪ್ಪಿಗೆ ಸುಳ್ಳಾದ್ರೆ ಮನೆ ನಂದಲ್ವಾ?"

"ಸಂಸಾರ ಇರೋ ಮನೇನ ಹೆಂಡತಿ ಒಪ್ಪದೆ ಗಂಡ ಮಾರೋ ಹಾಗಿಲ್ಲಮ್ಮ. ಕೋರ್ಟಿಗೆ ಹೋದ್ರೆ ಮಾರಾಟ ನಿಲ್ಲಲ್ಲ."

"ನಾನು ಕೊಟ್ಟದ್ದು?"

"ಲಾರೆನ್ಸ್ ಹತ್ರ ಉಳಿದಿದ್ರೆ ಸಿಗುತ್ತೆ. ನಿಮ್ಮ ಕಡೆ ವಕೀಲರು ಯಾರಿದ್ರು?"

"ಲಾರೆನ್ಸ್ ಕರಕೊಂಡು ಬಂದ ಗೊನ್ಜಾಗ. ವಕೀಲರ ಆಫೀಸಿನ ಗುಮಾಸ್ತ. ಇಬ್ಬರಿಗೂ ನಾನೇ ಸಾಕು, ಎರಡೆರಡು ಫೀಸು ಯಾಕೆ ಅಂದ. ಗುರುತಿನ ಚೀಟಿ, ಭೂಮಿ ಕಚೇರಿ ಎಲ್ಲಾ ತಾನೇ ನೋಡಿದೀನಿ ಅಂದ."

"ಕೋಳಿಗೂ ನರಿಗೂ ಒಬ್ಬನೇ ಕಾವಲು," ಅಪಿಯೊ ಗೊಣಗಿದಳು. ಲುಬೇಗ ಕಣ್ಣಲ್ಲೇ ಗದರಿದರು. ಕಣ್ಣೀರು ಒರೆಸಿಕೊಳ್ಳಲೂ ಮರೆತು ಕೂತವಳ ಮುಂದೆ ಗಾದೆ ಯಾಕೆ?

ಎಫ್‌ಐಆರ್ ದಾಖಲಾಯಿತು. ಮನೆಗೆ ರೆಸ್ಟಿಟೂಟ ಬೀಗ ಹಾಕಿದಳು. ಟಿಯೊಪಿಸ್ಟಳ ಮಕ್ಕಳು ಅವಳ ಬಾಡಿಗೆಯ ಹೊಲಿಗೆ ಅಂಗಡಿಯ ನೆಲದ ಮೇಲೆ, ಬಟ್ಟೆಯ ತುಂಡುಗಳ ನಡುವೆ ಮಲಗಿದರು. ಅಂಗಡಿಯ ಬಾಡಿಗೆಯ ಗಡುವು ಆ ವಾರದ ಕೊನೆಗೆ ಮುಗಿಯುವುದಿತ್ತು. ಮನೆಯಲ್ಲೇ ಹೊಲಿಗೆ ಮಾಡಿದರಾಯಿತೆಂದು ಆಗಲೇ ಅದನ್ನು ಬಿಟ್ಟುಕೊಟ್ಟಿದ್ದಳು.

ನಾಲ್ಕನೇ ತಾರೀಖು ಲಾರೆನ್ಸ್ ಮುಟುಕುಲ ಗಡಿಯಲ್ಲಿ ಸಿಕ್ಕಿಬಿದ್ದ. ಆಚೆ ತಾಂಜಾನಿಯದಲ್ಲಿ ಇನ್ನೊಂದು ಸಂಸಾರ ಹೂಡಿದ್ದ. ಅವನ ಪಾಲಿನ ಹಣವೆಲ್ಲ ಅಲ್ಲಿಯ ಲಾರಿಗೆ ಹೋಗಿತ್ತು, ಲಾರಿ ಹಳ್ಳಕ್ಕೆ ಹೋಗಿತ್ತು.

"ಹೆಂಡತಿ ಅಂತ ಸಹಿ ಹಾಕಿದ ಹೆಂಗಸು ಯಾರು?" ಲುಬೇಗ ಕೇಳಿದರು.

"ಗೊತ್ತಿಲ್ಲ ಅಫಂಡೆ. ಹೆಂಡತೀನ ನಾನು ತರ್ತೀನಿ ಅಂದ ಗೊನ್ಜಾಗ. ನಾನು ಹೆಸರೂ ಕೇಳಲಿಲ್ಲ."

ಠಾಣೆಗೆ ಹಿಡಿದು ತಂದ ಗೊನ್ಜಾಗನಿಗೆ ಇಪ್ಪತ್ತೇಳು ವರ್ಷ. ಇಸ್ತ್ರಿ ಮಾಡಿದ ಅಂಗಿ, ನಿದ್ದೆ ಕಾಣದ ಕಣ್ಣು. "ಲಾರೆನ್ಸ್ ಸುಳ್ಳು ಹೇಳ್ತಾನೆ. ಹೆಂಡತಿ ಅಂತ ಅವನೇ ತೋರಿಸಿದ, ನಾನು ನಂಬಿದೆ. ಆಕೆಯನ್ನ ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ."

ಇಬ್ಬರು ಕಳ್ಳರು, ಎರಡು ಮಾತು, ನಡುವೆ ಒಬ್ಬಳು ಹೆಸರಿಲ್ಲದ ಹೆಂಗಸು. ಅವಳು ಸಿಗದಿದ್ದರೆ ಗೊನ್ಜಾಗ ಅಂಗಿ ಮಾಸದೆ ಹೊರಗೆ ನಡೆಯುತ್ತಾನೆಂಬುದು ಲುಬೇಗರಿಗೆ ಗೊತ್ತಿತ್ತು. ಟಿಯೊಪಿಸ್ಟ ದಿನಾ ಬಂದು ಠಾಣೆಯ ಬೆಂಚಿನ ತುದಿಯಲ್ಲಿ ಕೂರುತ್ತಿದ್ದಳು. ಲುಬೇಗರು ಚಹಾ ಕೊಟ್ಟರೆ ಲೋಟ ಹಿಡಿದು ಹಾಗೇ ಕೂತಿರುತ್ತಿದ್ದಳು.

ಆರನೇ ತಾರೀಖು ಸ್ಥಳ ಪಂಚನಾಮೆಗೆ ಎಲ್ಲರೂ ಆ ಮನೆಗೆ ಹೋದರು. ನೆರೆಯವರಿಬ್ಬರು ಪಂಚರು. ಹೊಸ ಬಡಾವಣೆ, ಅವರೂ ಹೊಸಬರು, ರೆಸ್ಟಿಟೂಟಳನ್ನು ನೋಡಿದ್ದೇ ಈಗ.

"ಅವತ್ತು ಯಾರ್ಯಾರು ಎಲ್ಲೆಲ್ಲಿ ಕೂತಿದ್ರು, ತೋರಿಸಮ್ಮ," ಲುಬೇಗ ಅಂದರು.

ಟಿಯೊಪಿಸ್ಟ ಚಾಪೆಯ ಮೇಲೆ ಕೂತಳು. "ನಾನಿಲ್ಲಿ. ಲಾರೆನ್ಸ್ ಕುರ್ಚಿ ಮೇಲೆ. ಆಯಮ್ಮ ಒಳಗಿನ ಕೋಣೆ ಬಾಗಿಲ ಪರದೆ ಹಿಂದೆ. ಮನೆ ಮಾರೋ ಸಂಕಟ, ಮುಖ ತೋರಿಸೋಕೆ ಆಗ್ತಿಲ್ಲ ಅಂದ್ಕೊಂಡೆ. ಪಾಪ ಅನ್ನಿಸ್ತು. ನಾನೇ ಒಳಗೆ ಹೋಗಿ ಕೈ ಹಿಡಕೊಂಡು ಸಮಾಧಾನ ಮಾಡಿದೆ."

"ಗೊನ್ಜಾಗ?"

"ಹೊರಗೆ, ಜಗಲಿಯಲ್ಲಿ."

"ಅವತ್ತು ಮಳೆಯಿತ್ತು ಅಂದಿದ್ರಿ."

"ಇತ್ತು. ಒಳಗೆ ಬಾಪ್ಪ ಅಂದೆ. ಬೂಟಿಗೆ ಕೆಸರಾಗಿದೆ ಅಂದ. ನೆನೀತಾ ಕೂತಿದ್ದ. ಕಾಗದ ಒಳಗೆ ಹೊತ್ತು, ಹೊರಗೆ ಹೊತ್ತು ನನಗೇ ಸಾಕಾಯ್ತು. ಕೊನೆಗೆ ಎಲ್ಲಾ ಮುಗಿದ ಮೇಲೆ ಆಯಮ್ಮ ಹಿತ್ತಲ ಬಾಗಿಲಿಂದ, ಕೆಸರಲ್ಲಿ, ಮನೆ ಸುತ್ತು ಹಾಕಿ ಹೋದ್ರು."

ಅಪಿಯೊ ಉತ್ತರದ ಲಿರಾ ಕಡೆಯವಳು. ಇಲ್ಲಿಯ ಕಟ್ಟುಪಾಡುಗಳು ಅವಳಿಗೆ ದಿನದ ತಮಾಷೆ. "ಅಫಂಡೆ, ಇದು ನಿಮ್ಮತ್ತೆ ಠಾಣೆಗೆ ಬಂದಾಗ ನೀವು ಕಿಟಕಿಯಿಂದ ಹಾರಿದ ಹಾಗೇ ಇದೆ," ಎಂದು ನಕ್ಕಳು.

ಪಂಚರು ನಕ್ಕರು. ಲುಬೇಗ ನಗಲಿಲ್ಲ. ಅಳಿಯನಾದವನು ಅತ್ತೆಯಿರುವ ಸೂರಿನಡಿ ಕಾಲಿಡಬಾರದು, ಕೈಯಿಂದ ಕೈಗೆ ಒಂದು ಕಡ್ಡಿಯನ್ನೂ ಕೊಡಬಾರದು. ಇಪ್ಪತ್ತು ವರ್ಷದಿಂದ ಅವರೇ ಪಾಲಿಸಿಕೊಂಡು ಬಂದದ್ದು. ಅವರು ಜಗಲಿಗೆ ಹೋಗಿ, ಮಳೆ ಬೀಳುವ ಆ ಮೂಲೆಯಲ್ಲಿ ಸ್ವಲ್ಪ ಹೊತ್ತು ನಿಂತರು.

"ಅಪಿಯೊ, ಗೊನ್ಜಾಗನ ಹೆಂಡತಿಯ ತವರು ಎಲ್ಲಿ ಅಂತ ವಿಚಾರಿಸು."

ಗೊನ್ಜಾಗನ ಹೆಂಡತಿ ಇಮೆಲ್ಡ ಕಂಪಾಲದ ಆಸ್ಪತ್ರೆಯಲ್ಲಿದ್ದಳು. ತವರು ಬುಕಾಕಟ ರಸ್ತೆಯ ಒಂದು ಹಳ್ಳಿ. ಮರುದಿನ ಮಧ್ಯಾಹ್ನ ಪೊಲೀಸ್ ಪಿಕಪ್ಪು ಹೊರಟಿತು. ಹಿಂದುಗಡೆ ಕಂಬಿಗೆ ಬೇಡಿ ಹಾಕಿ ಗೊನ್ಜಾಗನನ್ನು ಕೂರಿಸಿದ್ದರು, ಎದುರಿಗೆ ಗುರುತು ಹಿಡಿಯಲು ಟಿಯೊಪಿಸ್ಟ. ಯಾವ ಕಡೆ ಹೋಗುತ್ತಿದ್ದೇವೆಂದು ತಿಳಿದಾಗ ಅವನು ತಲೆ ಬಗ್ಗಿಸಿದ. ಮತ್ತೆ ಎತ್ತಲಿಲ್ಲ.

ಮನೆಯ ಮುಂದೆ ಕಾಫಿ ಬೀಜ ಒಣಗಿಸುತ್ತಿದ್ದ ಹೆಂಗಸಿಗೆ ಐವತ್ತರ ಒಳಗೇ ವಯಸ್ಸು. ಹೆಸರು ಅನತೋಲಿಯ. ಪೊಲೀಸರನ್ನು ಕಂಡು ಮಂಡಿಯೂರಿ ನಮಸ್ಕರಿಸಿದಳು. ಟಿಯೊಪಿಸ್ಟ ಇಳಿದು ಹತ್ತಿರ ಬಂದಳು.

"ಇವರೇ. ಇವರ ಕೈಯನ್ನೇ ನಾನು ಹಿಡಕೊಂಡಿದ್ದು."

ಅನತೋಲಿಯ ಆ ಕೈಯನ್ನು ಬಟ್ಟೆಯ ಮಡಿಕೆಯೊಳಗೆ ಎಳೆದುಕೊಂಡಳು.

"ಯಾಕೆ ಮಾಡಿದ್ರಿ?" ಲುಬೇಗ ಕೇಳಿದರು.

"ಮಗಳಿಗೆ ಮೂತ್ರಪಿಂಡ ಹೋಗಿದೆ. ವಾರ ವಾರ ಮಷೀನಿಗೆ ಹಾಕಬೇಕು. ಅಳಿಯನವರು ಹಸು ಮಾರಿದ್ರು, ಬೈಕು ಮಾರಿದ್ರು, ನಾನು ನೆಲ ಮಾರಿದೆ."

"ಗೊನ್ಜಾಗ ನಿಮ್ಮನ್ನ ಕೇಳಿದ್ದು ಹೇಗೆ? ನಿಮ್ಮಿಬ್ಬರ ಮಧ್ಯೆ ಮಾತಿಲ್ಲವಲ್ಲ."

"ಮಗಳ ಬಾಯಲ್ಲಿ ಹೇಳಿ ಕಳಿಸಿದ್ರು. ಅವಳ ಮುಖ ಊದಿ ಕಣ್ಣೇ ಕಾಣ್ತಿರಲಿಲ್ಲ. ಅಮ್ಮಾ, ಒಂದು ಸಹಿ ಅಂತೆ, ಮಷೀನಿಗೆ ದುಡ್ಡು ಬರುತ್ತಂತೆ, ಅಂದ್ಲು. ಯಾವ ಬಟ್ಟೆ ಉಟ್ಟು ಬರಲಿ ಅಂತ ಕೇಳಿದೆ. ಅಷ್ಟೇ ಕೇಳಿದ್ದು."

ಅಪಿಯೊ ಬಂಧನದ ಮಾತು ಓದಿ ಹೇಳಿ ಅವಳನ್ನು ಪಿಕಪ್ಪಿನ ಹಿಂಭಾಗಕ್ಕೆ ಕರೆತಂದಳು. ಬೇಡಿ ಹಾಕಿಕೊಂಡ ಅಳಿಯ ಅಲ್ಲಿರುವುದು ಕಂಡದ್ದೇ ಅನತೋಲಿಯ ಸೊಂಟಕ್ಕೆ ಸುತ್ತಿದ್ದ ಅಗಲದ ಪಟ್ಟಿಯ ತುದಿಯನ್ನೆಳೆದು ಮುಖ ಮುಚ್ಚಿಕೊಂಡು ತಿರುಗಿ ನಿಂತಳು. ಅತ್ತ ಗೊನ್ಜಾಗ ಎದ್ದು ಹಾರಲು ಹೋಗಿ, ಬೇಡಿ ಎಳೆದು, ಮಣಿಕಟ್ಟಿನಿಂದ ರಕ್ತ ಬಂತು.

"ನಾನು ನಡಕೊಂಡು ಬರ್ತೀನಿ, ಸ್ವಾಮಿ."

"ಅಷ್ಟು ದೂರ ಆಗಲ್ಲಮ್ಮ. ಹತ್ತಿ."

"ಕಳ್ಳಿಯಂತೂ ಆದೆ," ಅವಳು ಮುಖ ತೆರೆಯದೆ ಅಂದಳು. "ನಾಚಿಕೆಗೆಟ್ಟವಳನ್ನೂ ಮಾಡಬೇಡಿ."

ಲುಬೇಗ ಮುಂದಿನ ಸೀಟಿನಲ್ಲಿ ಅವಳನ್ನು ಕೂರಿಸಿ, ಹಿಂದಿನ ಗಾಜಿಗೆ ತಮ್ಮ ಮಳೆಯಂಗಿ ಅಡ್ಡ ಕಟ್ಟಿ, ತಾವು ಹಿಂದೆ ಹತ್ತಿದರು.

ಪಿಕಪ್ಪು ಮಸಾಕದ ದಾರಿ ಹಿಡಿಯಿತು. ಆಮೇಲೆ ಟಿಯೊಪಿಸ್ಟ ಗೊನ್ಜಾಗನಿಗೆ ಅಂದಳು, "ನನ್ನ ಮಕ್ಕಳೂ ಮಕ್ಕಳೇ, ಅಣ್ಣ."

ಅವನು ತಲೆಯಾಡಿಸಿದ.

ಸಂಜೆ ಟಿಯೊಪಿಸ್ಟಳನ್ನು ಇಳಿಸಲು ಬಡಾವಣೆಯ ಹತ್ತಿರ ಪಿಕಪ್ಪು ನಿಂತಿತು. ಅಂಗಡಿಯ ಮಾಲೀಕ ಬಾಗಿಲು ಹಾಕಿಸಿದ್ದ. ಹೊಲಿಗೆ ಯಂತ್ರವನ್ನು ತಳ್ಳುಗಾಡಿಯಲ್ಲಿಟ್ಟುಕೊಂಡು ಮೂವರು ಮಕ್ಕಳು ತಮಗೆ ಗೊತ್ತಿದ್ದ ಒಂದೇ ಮನೆಗೆ ಬಂದು, ಆ ಜಗಲಿಯ ಮೂಲೆಯಲ್ಲೇ ಕೂತಿದ್ದರು. ಕಿರಿಯವಳ ಕೈಯಲ್ಲಿ ಬೇಯಿಸಿದ ಗೆಣಸು. ರೆಸ್ಟಿಟೂಟ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಇವತ್ತೊಂದು ರಾತ್ರಿ ಇಲ್ಲೇ ಇರಲಿ," ಎಂದಳು. "ನಾಳೆ ಏನು ಮಾಡ್ತೀಯ?"

ಕೆಳಗಿಳಿದಿದ್ದ ಟಿಯೊಪಿಸ್ಟ ಲುಬೇಗರತ್ತ ನೋಡಿದಳು. ಅವರು ಚಾಲಕನಿಗೆ ಹೊರಡಲು ಹೇಳಿದರು.