ಪಂಚಮಿಗೆ ಕರೆತಂದ ಮಗಳು

"ಯಾವನ್ಲೇ ನನ್ ಮಗಳ ಮೈಮ್ಯಾಲೆ ಕೈ ಮಾಡಿದೋನು?"

ಬಚ್ಚಲಿನಿಂದ ಎದ್ದ ಆ ಕೂಗಿಗೆ ಹೊನ್ನಾಳಿಯ ಆ ಓಣಿಯೇ ಬೆಚ್ಚಿತು! ಪಂಚಮಿ ಹಬ್ಬಕ್ಕೆ ಮಗಳು ಸುಚಿತ್ರಾಳನ್ನು ಕರೆದೊಯ್ಯಲು ಜಗಳೂರು ಕಡೆಯ ಸೊಕ್ಕೆಯಿಂದ ಬಂದಿದ್ದ ಭೀಮಕ್ಕ, ಹೊರಡುವ ಮುಂಚೆ ಎಣ್ಣೆ ಹಚ್ಚಿ ನೀರೆರೆಯುತ್ತೇನೆಂದು ಹಟ ಹಿಡಿದಿದ್ದಳು. ಸುಚಿತ್ರಾ ಎಷ್ಟು ಬೇಡವೆಂದರೂ ಕೇಳಲಿಲ್ಲ. ಸೆರಗು ಸರಿಸಿದಳು... ನೋಡಿದಳು... ಕೈಯಲ್ಲಿದ್ದ ಚೊಂಬು ಜಾರಿ ಬಿತ್ತು. ಬೆನ್ನು, ತೋಳು, ತೊಡೆ, ಎಲ್ಲೆಲ್ಲೂ ನೀಲಿ ಕಲೆ! ಒಂದೇಟು ಹಾಕದೆ ಬೆಳೆಸಿದ ಮಗಳು! ಹೆತ್ತ ಕರುಳು ಇದನ್ನು ಹೇಗೆ ತಡೆದುಕೊಳ್ಳಬೇಕು?

ಅಳಿಯ ಮಾಲತೇಶ್ ನಡುಮನೆಗೆ ಓಡಿ ಬಂದ. ಹಿಂದೆಯೇ ಅವನ ತಾಯಿ ಗಾದ್ರಮ್ಮ. ಭೀಮಕ್ಕನ ಬಲಗೈಗೆ ತೋರುಬೆರಳಿಲ್ಲ. ಮೆಕ್ಕೆಜೋಳ ಬಿಡಿಸುವ ಮಷೀನು ಎಂದೋ ಅದನ್ನು ನುಂಗಿತ್ತು. ಬಚ್ಚಲಿನಿಂದ ಹೊರಬಂದವಳೇ ಆ ಕೈಯನ್ನೇ ಅಳಿಯನ ಮುಖಕ್ಕೆ ಹಿಡಿದು ಅಬ್ಬರಿಸಿದಳು.

"ಗಂಡಸೇನೋ ನೀನು?"

"ಅತ್ತೀ, ದೇವ್ರಾಣೆಗೂ ನಾನು ಹೊಡ್ದಿಲ್ರೀ! ಸುಮ್‌ಸುಮ್ನೆ ಹಿಂಗೆ ಆಗ್ತೈತೆ. ಆಸ್ಪತ್ರೆಗೆ ಹೋಗಾಣ ಅಂದ್ರೆ ಕೆಲಸಕ್ಕೆ ರಜಾ ಹಾಕಾಕೆ ಒಪ್ಪಲ್ಲ ಇವಳು."

"ಸುಮ್‌ಸುಮ್ನೆ ನೀಲಿ ಆಗಾಕೆ ಅವಳೇನು ನೇರಳೆಹಣ್ಣೇನೋ?"

"ಅವ್ವಾ, ಖರೇನೇ ಇವ್ರು ಹೊಡೆಯಲ್ಲವ್ವಾ..."

"ನೀನು ಬಾಯಿ ಮುಚ್ಚೇ!"

ನಂಬುವುದಾದರೂ ಹೇಗೆ? ಏಟು ತಿಂದ ಹೆಂಗಸರೆಲ್ಲ ಹೀಗೇ ಹೇಳುತ್ತಾರೆ. ತನ್ನ ಗಂಡ ಬದುಕಿದ್ದಾಗ, ಊದಿದ ಕಣ್ಣಿಟ್ಟುಕೊಂಡು, ಬಾಗಿಲು ತಾಗಿತು ಎಂದು ಭೀಮಕ್ಕನೂ ತವರಿನವರೆದುರು ಹೇಳಿದವಳೇ!

"ಬೀಗ್ರೇ, ಸ್ವಲ್ಪ ಕೇಳ್ರಿ," ಗಾದ್ರಮ್ಮ ಅಂಗಲಾಚಿದಳು. "ಆ ಚಪ್ಪಲಿ ಕಾರ್ಖಾನೆ ಬಿಡು ಅಂತ ನಾವು ಬಡ್ಕೊಂತಾನೇ ಇದೀವಿ. ಕಿಟಕಿ ಮುಚ್ಚಿದ ಶೆಡ್ನಾಗೆ ಕುಂತು ಅಟ್ಟೆಗೆ ಅಂಟಿಸೋ ಸಲ್ಯೂಷನ್ ಬಳೀತಾಳೆ, ತಿನ್ನರ್ನಾಗೆ ಕೈ ತೊಳೀತಾಳೆ. ಮನೆಗೆ ಬಂದ್ರೆ ತಲೆ ಸುತ್ತು ಅಂತ ಬಿದ್ಕೊಂತಾಳೆ."

"ನನ್ ಮಗಳು ತನ್ನ ಕಾಲ ಮ್ಯಾಲೆ ನಿಂತಿದ್ದು ನಿಮಗೆ ಕಣ್ಣುರಿ! ಸಾಯೋತನಕ ಕೆಲಸ ಬಿಡಬ್ಯಾಡ ಅಂತ ನಾನೇ ಹೇಳೀನಿ!"

ಎಂಥ ಮಾತು ಬಂತು ಆ ಬಾಯಲ್ಲಿ! ಅಕ್ಕಪಕ್ಕದವರೆಲ್ಲ ನೋಡುತ್ತಿರುವಂತೆಯೇ ಮಗಳ ತೋಳನ್ನು ಗಟ್ಟಿಯಾಗಿ ಹಿಡಿದು ಬೀದಿಗೆ ಎಳೆದುಕೊಂಡು ಹೋದಳು. ಮಾಲತೇಶ್ ಹೆಂಡತಿಯ ಬ್ಯಾಗು ಹಿಡಿದು ಬಸ್‌ಸ್ಟ್ಯಾಂಡಿನವರೆಗೂ ಹಿಂದೆ ಹಿಂದೆಯೇ ಬಂದ. ಭೀಮಕ್ಕ ಬ್ಯಾಗು ಕಿತ್ತುಕೊಂಡು ಮುಖ ತಿರುಗಿಸಿದಳು. ಬಸ್ಸು ಹೊರಟಿತು.

ಮರುದಿನ ಬೆಳಗ್ಗೆ ಸೊಕ್ಕೆಯಲ್ಲಿ ನಾಗಪ್ಪನಿಗೆ ಹಾಲೆರೆಯಲೆಂದು ಮಗಳನ್ನು ಎಬ್ಬಿಸಲು ಹೋದ ಭೀಮಕ್ಕ ಅಲ್ಲೇ ಕಲ್ಲಾದಳು. ದಿಂಬಿನ ಮೇಲೆ ರಕ್ತ! ಒಸಡಿನಿಂದ ಇನ್ನೂ ಜಿನುಗುತ್ತಿತ್ತು. ಗಾಬರಿಯಿಂದ ಮಗಳನ್ನು ಎತ್ತಿ ಕೂರಿಸಿದಳು. ತೋಳಿನ ಮೇಲೆ, ನಿನ್ನೆ ಇಲ್ಲದ ಹೊಸ ನೀಲಿ. ಒಂದು ಕಡೆ ಹೆಬ್ಬೆರಳಿನ ಗುರುತು, ಇನ್ನೊಂದು ಕಡೆ ಮೂರು ಬೆರಳು... ತೋರುಬೆರಳಿರಬೇಕಾದ ಕಡೆ ಖಾಲಿ. ಅಯ್ಯೋ! ತನ್ನ ಬಲಗೈಯನ್ನು ಅದರ ಮೇಲಿಟ್ಟಳು. ಸರಿಯಾಗಿ ಕೂತಿತು.

ದಾವಣಗೆರೆಯ ಆಸ್ಪತ್ರೆಯಲ್ಲಿ ಸುಚಿತ್ರಾಳ ರಕ್ತ, ಮೂಳೆ ಎಲ್ಲ ಪರೀಕ್ಷೆಯಾದ ಮೇಲೆ ಡಾಕ್ಟರಮ್ಮ ಭೀಮಕ್ಕನನ್ನು ಕೂರಿಸಿ ಹೇಳಿದರು.

"ಯಾರೂ ಹೊಡೆದಿದ್ದಲ್ಲಮ್ಮ. ಮೂಳೆಯೊಳಗೆ ಹೊಸ ರಕ್ತ ತಯಾರಾಗೋದೇ ನಿಲ್ತಾ ಇದೆ. ಮುಟ್ಟಿದ್ರೂ ನೀಲಿಗಟ್ಟುತ್ತೆ. ಅವಳು ಬಳಿಯೋ ಸಲ್ಯೂಷನ್ನಲ್ಲಿ, ತಿನ್ನರಲ್ಲಿ ಬೆಂಜೀನ್ ಅನ್ನೋ ವಿಷ ಇರೋ ಹಾಗಿದೆ. ಮುಚ್ಚಿದ ಶೆಡ್ಡಲ್ಲಿ ಅದನ್ನೇ ಉಸಿರಾಡಿದ್ದಾಳೆ."

"ಬದುಕ್ತಾಳೇನ್ರೀ ನನ್ ಮಗಳು?"

"ರಕ್ತ ಕೊಡ್ತಾ, ಔಷಧ ಶುರು ಮಾಡೋಣ. ಮಾತು ಕೊಡೋಕೆ ನನಗಾಗಲ್ಲ."

ಕಿವಿಗೆ ಕಾದ ಸೀಸ ಸುರಿದಂತಾಯಿತು. ಕೆಲಸ ಬಿಡಬೇಡ ಎಂದವಳು ಯಾರು? ಬಿಡು ಎಂದವರ ಮಾನವನ್ನು ಬೀದಿಯಲ್ಲಿ ಕಳೆದವಳು ಯಾರು? ಕಣ್ಣು ಕತ್ತಲಿಟ್ಟು ಹೊರಬಂದಾಗ, ಸುದ್ದಿ ತಿಳಿದು ಬಂದಿದ್ದ ಮಾಲತೇಶ್ ಹೆಂಡತಿಗಾಗಿ ರಕ್ತ ಕೊಟ್ಟು, ತೋಳಿಗೆ ಹತ್ತಿ ಒತ್ತಿಕೊಂಡು ಬೆಂಚಿನ ಮೇಲೆ ಕೂತಿದ್ದ. ಭೀಮಕ್ಕ ಅವನ ಕಾಲ ಬಳಿ ಕುಸಿದಳು.

"ನೀನಲ್ಲಪ್ಪಾ... ನಾನು! ಅವಳ ತೋಳಿನ ಮ್ಯಾಲೆ ನನ್ ಕೈ ಐತೆ ನೋಡು ಹೋಗು!"

"ಏಳ್ರೀ ಅತ್ತೀ, ನೀವು ಹಿಂಗೆ ಮಾಡಬಾರದು." ಅವನ ಕಣ್ಣಲ್ಲೂ ನೀರು. "ಅವಳು ನಿಮ್ಮನ್ನೇ ಕೇಳ್ತಾಳೆ. ಒಳಕ್ಕೆ ಬರ್ರಿ."

ಬಿಳುಚಿದ ಮುಖದ ಸುಚಿತ್ರಾ ಕೈ ಚಾಚಿದಳು. ಭೀಮಕ್ಕ ತನ್ನ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು.

"ಹಿಡ್ಕಳವ್ವಾ... ನಂಗೆ ಹೆದ್ರಿಕೆ ಆಗ್ತೈತೆ."

"ಬ್ಯಾಡವ್ವಾ... ನೀಲಿ ಆಗ್ತೈತೆ ನನ್ ಕಂದಾ..."

ಮಗಳು ಚಾಚಿದ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಕೊನೆಗೆ ಭೀಮಕ್ಕ ಅಂಗೈಯನ್ನು ಮೇಲೆ ಮಾಡಿ ಹಾಸಿಗೆಯ ಮೇಲಿಟ್ಟಳು. ಸುಚಿತ್ರಾ ತನ್ನ ಕೈಯನ್ನು ಅದರ ಮೇಲಿಟ್ಟು ಕಣ್ಣು ಮುಚ್ಚಿದಳು. ಅವಳಿಗೆ ನಿದ್ದೆ ಹತ್ತಿದ ಮೇಲೂ ಭೀಮಕ್ಕ ಬೆರಳು ಮಡಚಲಿಲ್ಲ.